ಹೊರ್ತಿಯವನ ನೀರಿನ ಬಾಟಲಿ

ಮೊನ್ನೆ ಸೋರುವ ಹಿತ್ತಾಳೆ ಕೊಡ ಹಿಡಿದು ಬೆಸುಗೆ ಅಂಗಡಿಗೆ ಹೋಗಿದ್ದೆ. ಬೆಸುಗೆಗೆ ಹಾಕುವ ನವಸಾಗರದ ಹೊಗೆ ಮೂಗಿಗೆ ಬಡಿದದ್ದೇ ಹೊರಗೆ ಬಂದು ನಿಂತೆ. ಹವಾಲ್ದಾರ ಕಾಕಾ ನೆನಪಾದರು...

ತೊಂಬತ್ತರ ದಶಕದ ಕೊನೆಯಲ್ಲಿ ಇಂಡಿ ಪಟ್ಟಣದ ಹೊರಗೆ ಒಂದು ಸಣ್ಣ ಮಿಲಿಟರಿ ಕ್ಯಾಂಪ್ ಇತ್ತು. ನಾನು ಅಲ್ಲಿ ಗುಮಾಸ್ತ. ನಿವೃತ್ತ ಹವಾಲ್ದಾರರೊಬ್ಬರು ಅಲ್ಲಿನ ಒಂದೇ ಕೋಣೆಯ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದರು. ಎಲ್ಲರಿಗೂ ಅವರು ಕಾಕಾ. ಮಹಾ ಹಟಮಾರಿ. ಹೆಲ್ಮೆಟ್ಟಿನ ಧೂಳು ಒರೆಸಲೂ ಯಾರನ್ನೂ ಬಿಡುತ್ತಿರಲಿಲ್ಲ.

ಅಲ್ಲಿ ಗುಂಡು ತೂರಿಹೋದ ನೀರಿನ ಬಾಟಲಿಯೊಂದಿತ್ತು. ಕಾಕಾನ ಜೊತೆಗಾರ, ಹತ್ತಿರದ ಹೊರ್ತಿ ಊರಿನವನು, ಯುದ್ಧದಲ್ಲಿ ಸತ್ತಾಗ ಸೊಂಟಕ್ಕೆ ಕಟ್ಟಿಕೊಂಡಿದ್ದದ್ದು. ಅವನ ಹೆಂಡತಿ ಪ್ರತಿ ಖಂಡೇನವಮಿಯ ಆಯುಧಪೂಜೆಗೆ ಬಸ್ಸಿನಲ್ಲಿ ಬಂದು, ಆ ತೂತಿನ ಸುತ್ತ ವಿಭೂತಿ ಹಚ್ಚಿ, ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದರು.

ಕ್ಯಾಂಪ್ ದೂರದ ಊರಿಗೆ ಎತ್ತಂಗಡಿಯಾಯಿತು. ಮೇಲಿನಿಂದ ಆದೇಶ ಬಂತು: ಒಡೆದ, ತೂತುಬಿದ್ದ ಸಾಮಾನು ಸಾಗಿಸುವಂತಿಲ್ಲ, ಗುಜರಿಗೆ ಹಾಕಿ. ಅಡುಗೆಮನೆಗೂ ಮ್ಯೂಸಿಯಂಗೂ ಒಂದೇ ನಿಯಮ! ಕಾಕಾ ಅರ್ಜಿ ಬರೆದರು, ಕೂಗಾಡಿದರು, ಬಾಟಲಿಯನ್ನು ಆ ಹೆಣ್ಣುಮಗಳಿಗಾದರೂ ಕೊಡಿ ಎಂದರು. ಸರಕಾರಿ ಸ್ವತ್ತು, ಕೊಡಲು ಬರುವುದಿಲ್ಲವಂತೆ. ಗುಜರಿಗೆ ಎಸೆಯಲು ಮಾತ್ರ ಬರುತ್ತದಂತೆ. ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಆಗ ನಾನು ಜಾಣತನ ತೋರಿಸಿದೆ. ಕಾಕಾ ರಜೆಯಲ್ಲಿದ್ದ ದಿನ ಬಾಟಲಿ ಒಯ್ದು, ತೂತಿಗೆ ಬೆಸುಗೆ ಹಾಕಿಸಿ, ಹಸಿರು ಬಣ್ಣ ಬಳಿಸಿ ತಂದೆ.

“ಉಳೀತ್ರಿ ಕಾಕಾ. ಇನ್ನ ಇದನ್ನ ಯಾರೂ ಗುಜರಿಗೆ ಹಾಕಂಗಿಲ್ಲ.”

ಕಾಕಾ ಬಾಟಲಿ ನೋಡಿ ಕುರ್ಚಿಯ ಮೇಲೆ ಕುಳಿತುಬಿಟ್ಟರು. ದಿನಬೆಳಗಾದರೆ ಬೈಯುತ್ತಿದ್ದ ಮನುಷ್ಯ, ಅವತ್ತೊಂದು ದಿನ ಬೈಯಬಾರದಿತ್ತೇ...

ಲಾರಿ ಬರುವ ಮುಂಚಿನ ದಿನ ಹೊರ್ತಿಯ ಆ ಹೆಣ್ಣುಮಗಳು ಕೊನೆಯ ಸಲ ಬಂದರು. ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಅದರ ಮೈತುಂಬ ಬೆರಳಾಡಿಸಿದರು.

“ಇದು ನಮ್ಮದಲ್ರಿ ಅಣ್ಣಾರ. ನಮ್ಮದಕ್ಕ ತೂತ ಇತ್ತು.”

ಕಾಕಾ ಬಾಟಲಿ ಇಸಿದುಕೊಂಡು ಪೆಟ್ಟಿಗೆಯೊಳಗೆ ಇಟ್ಟರು. ಆಕೆ ವಿಭೂತಿಯ ಗಂಟು ಬಿಚ್ಚದೇ ಬಸ್ ಸ್ಟ್ಯಾಂಡಿನ ಕಡೆ ನಡೆದರು. ನಾನಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಈಗ ಅವರಿಬ್ಬರೂ ಇಲ್ಲ. ಆ ಬೆಸುಗೆ ಬಿಡಿಸಿರಪ್ಪಾ ಎಂದು ಹೊಸ ಮ್ಯೂಸಿಯಂಗೆ ಮೂರು ಸಲ ಕಾಗದ ಬರೆದೆ. ಮೂರು ಸಲವೂ ಅದೇ ಉತ್ತರ: ದಾಖಲೆಯ ಪ್ರಕಾರ ವಸ್ತುವಿಗೆ ಯಾವ ಹಾನಿಯೂ ಆಗಿಲ್ಲ. ಈ ಸಲ ದಾಖಲೆಯ ನಕಲನ್ನೂ ಕಳಿಸಿದ್ದಾರೆ. ‘ನೀರಿನ ಬಾಟಲಿ, ಒಂದು, ಸುಸ್ಥಿತಿ.’

ಅಕ್ಷರ ನನ್ನವೇ.