ಎರಡೂ ಪೇಪರಿನಲ್ಲಿ ಬಂದ ಸುದ್ದಿ

ಲೋಕಸಭೆಯ ಮತ ಎಣಿಕೆಯ ದಿನ ನನ್ನ ಗಂಡ ಗಡಿಯ ನಮ್ಮೂರು ಜುಗೂಳದಲ್ಲಿ, ತಮ್ಮ ಹೊಲಿಗೆ ಅಂಗಡಿಯಲ್ಲಿ ಕೂತು ಶಾಲೆ ಮಕ್ಕಳ ಅಂಗಿಗಳಿಗೆ ಕಾಜ ಮಾಡುತ್ತಿದ್ದರು. ಓಣಿಯಲ್ಲಿ ಪಟಾಕಿ ಸಿಡಿಯುತ್ತಿತ್ತು. ಅಂಗಡಿಯ ಕಟ್ಟೆಯ ಮೇಲೆ ದಿನವೂ ಬಂದು ಕೂರುವ ಇಬ್ಬರಲ್ಲಿ ಒಬ್ಬರು ಗೆದ್ದಿದ್ದರು, ಇನ್ನೊಬ್ಬರು ಸೋತಿದ್ದರು. ಇಬ್ಬರೂ ಚುನಾವಣೆಗೆ ನಿಂತವರಲ್ಲ. ಆದರೆ ನಿಂತವರಿಗೂ ಅಷ್ಟು ಸಂಕಟ ಇದ್ದಿರಲಾರದು. ಗೆದ್ದವರು ನಿವೃತ್ತ ಪೋಸ್ಟಮನ್, ಊರಿಗೆಲ್ಲ ಮಾಮಾ. ಸೋತವರು ಹೊಳೆದಂಡೆಯಲ್ಲಿ ಕಬ್ಬು ಬೆಳೆಯುವ ಕಾಕಾ.

“ಮಷೀನ್‌ದಾಗ ಗೋಲಮಾಲ ಆಗೈತಿ,” ಎಂದರು ಕಾಕಾ.

“ಹ್ವಾದ ಸಲ ನಿಮ್ಮಾವ್ರು ಗೆದ್ದಾಗ ಮಷೀನ ಚಲೋ ಇತ್ತೇನಲೇ?” ಎಂದರು ಮಾಮಾ.

“ಆವಾಗ ಅದು ಹೊಸಾದಿತ್ತು!” ಎಂದು ಕಾಕಾ ನಮ್ಮವರ ಕಡೆ ತಿರುಗಿದರು. “ನೀ ಹೇಳಪಾ, ಖರೇನ ಯಾರು ಗೆದ್ದಾರ?”

ನಮ್ಮವರು ಹಲ್ಲಿನಿಂದ ದಾರ ಕಡಿದು, “ನಾಳಿ ಎರಡೂ ಪೇಪರ ಬರ್ಲಿ, ಹೇಳ್ತೀನಿ,” ಎಂದರು.

ಅದು ಅವರ ನಿಯಮ. ನಮ್ಮಲ್ಲಿಗೆ ಕನ್ನಡ ಪೇಪರು ಚಿಕ್ಕೋಡಿ ಕಡೆಯಿಂದಲೂ ಮರಾಠಿ ಪೇಪರು ಮಿರಜ ಕಡೆಯಿಂದಲೂ ಬಂದು, ಕಾಗವಾಡದಲ್ಲಿ ಒಂದೇ ಬಸ್ಸು ಹತ್ತುತ್ತವೆ. ಎರಡನ್ನೂ ಕತ್ತರಿಸುವ ಮೇಜಿನ ಮೇಲೆ ಹಾಸಿ ಗಟ್ಟಿಯಾಗಿ ಓದುತ್ತಿದ್ದರು. ಎರಡರಲ್ಲೂ ಇದ್ದ ಮಾತಿಗೆ, ಅರಿವೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಿಂದ ಗೀಟು ಹಾಕುತ್ತಿದ್ದರು. ಗೀಟು ಬಿದ್ದದ್ದು ಸುದ್ದಿ. ಉಳಿದದ್ದು ಗುಂಡಿ ಕಟ್ಟಿಕೊಡುವ ಕಾಗದ. ನಾನು ನಿಪ್ಪಾಣಿ ಕಡೆಯವಳು, ಏಳನೆಯವರೆಗೆ ಮರಾಠಿ ಶಾಲೆ. ಕನ್ನಡ ಓದಲು ಕಲಿತದ್ದು ಮದುವೆಯ ನಂತರ, ಆ ಗೀಟುಗಳ ಮೇಲೆ ಬೆರಳಿಟ್ಟು.

ಆ ಮಧ್ಯಾಹ್ನ ಊಟಕ್ಕೆ ಬಂದಾಗ ಎದೆ ನೀವಿಕೊಂಡರು. ಎಂಟು ದಿನದಿಂದ ನೋವಿತ್ತು. ಮಿರಜದ ದೊಡ್ಡಾಸ್ಪತ್ರೆಗೆ ಹೋಗಿ ತೋರಿಸಿ ಎಂದು ಅಥಣಿಯ ಡಾಕ್ಟರು ಚೀಟಿ ಬರೆದುಕೊಟ್ಟಿದ್ದರು. “ಎಣಿಕಿ ಮುಗೀಲಿ” ಎಂದು ಇವರೇ ಮುಂದೆ ಹಾಕಿದ್ದರು.

“ಎಣಿಕಿ ಮುಗೀತಲ್ರಿ. ನಾಳಿ ಹೋಗೂಣು,” ಎಂದೆ.

“ಪೇಪರ ಓದಿ ಹೋಗೂಣು. ಒಂಬತ್ತರ ಬಸ್ಸಿಗೆ.”

ಮರುದಿನ ಏಳಕ್ಕೆ ಅಂಗಡಿ ತೆಗೆಯಲು ಹೋದವರು ಮಷೀನಿನ ಮೇಲೆ ತಲೆಯಿಟ್ಟು ಕೂತಿದ್ದರಂತೆ. ಕಾಕಾ ಹೋಗಿ ಮುಟ್ಟಿ ನೋಡಿದಾಗ ಮೈ ತಣ್ಣಗಿತ್ತು. ಪೇಪರಿನ ಬಸ್ಸು ಬಂದದ್ದು ಎಂಟಕ್ಕೆ. ಅಂದಿನ ಎರಡೂ ಪೇಪರುಗಳನ್ನು ಯಾರೂ ಬಿಚ್ಚಲಿಲ್ಲ.

ಮೂರನೆಯ ದಿನ ನಮ್ಮವರೇ ಪೇಪರಿನಲ್ಲಿ ಬಂದರು. ‘ಮತಯಂತ್ರದ ಮೋಸಕ್ಕೆ ನೊಂದು ದರ್ಜಿ ಹೃದಯಾಘಾತದಿಂದ ಸಾವು’ ಎಂದು ಕನ್ನಡದ್ದು. ವಿಜಯದ ಆನಂದ ತಾಳಲಾರದೆ ಕಾರ್ಯಕರ್ತನ ಪ್ರಾಣ ಹೋಯಿತೆಂದು ಮರಾಠಿಯದ್ದು. ಒಂದರಲ್ಲಿ ವಯಸ್ಸು ಐವತ್ತೆಂಟು, ಇನ್ನೊಂದರಲ್ಲಿ ಅರವತ್ತೆರಡು. ಸಂತೋಷ ಮನುಷ್ಯನನ್ನು ನಾಲ್ಕು ವರ್ಷ ಹೆಚ್ಚು ಬದುಕಿಸುತ್ತದೆ ಎಂದು ಅವತ್ತು ತಿಳಿಯಿತು.

ನೊಂದುಕೊಳ್ಳಲಿ, ಆನಂದಪಡಲಿ, ಮೊದಲು ಫಲಿತಾಂಶ ನಂಬಬೇಕಲ್ಲ? ಇಡೀ ದೇಶ ಒಂದಲ್ಲ ಒಂದನ್ನು ನಂಬಿ ಜಗಳಕ್ಕೆ ಕೂತಾಗ, ಎರಡೂ ಪೇಪರು ಬರಲಿ ಎಂದು ಏನನ್ನೂ ನಂಬದೆಯೇ ಹೋದ ಮನುಷ್ಯ ಅವರೊಬ್ಬರೇ ಇರಬೇಕು.

ಎರಡೂ ಪೇಪರುಗಳನ್ನು ಅವರ ಮೇಜಿನ ಮೇಲೆ ಹಾಸಿ, ನೀಲಿ ಸೀಮೆಸುಣ್ಣ ಹಿಡಿದು ಕೂತೆ. ಅವರ ಹೆಸರು, ಊರು, ಸತ್ತದ್ದು. ಮೂರೇ ಗೀಟು ಬಿದ್ದವು.

ಸುದ್ದಿ ಕೊಟ್ಟವರು ಯಾರೆಂದು ಹುಡುಕಬೇಕಾಗಲಿಲ್ಲ. ಮಾತಾಡಿಸಲು ಬಂದ ಕಾಕಾ ತಾವೇ ಹೇಳಿದರು: “ನಾನಽ ಫೋನ್ ಮಾಡಿ ಹಾಕ್ಸೇನಿ ನೋಡವಾ. ಹಂಗಽ ಸುಮ್ನ ಸತ್ತಾ ಅಂದ್ರ ಯಾರ್ ಹಾಕ್ತಾರ?”

ಮಾಮಾ ಬಾಗಿಲಲ್ಲೇ ನಿಂತಿದ್ದರು. “ವೈನಿ, ಸಿಟ್ಟಾಗಬ್ಯಾಡ್ರಿ. ಇವ ದುಃಖಲೆ ಸತ್ತಾ ಅಂತ ಹಾಕ್ಸ್ಯಾನಂತ ಗೊತ್ತಾತು. ನಮ್ಮ ಟೇಲರ್ ಅಳಕೋತ ಯಾಕ ಹೋಗ್ಬೇಕ್ರಿ? ನಕ್ಕೋತ ಹೋಗ್ಲಿ ಅಂತ ನಾ ಮಾಡ್ದೆ.”

ಇಬ್ಬರೂ ನಿಜವಾಗಿ ಅತ್ತರು. ಅಳುತ್ತಲೇ, ಯಾರ ಪೇಪರು ಹೆಚ್ಚು ಓಡುತ್ತದೆ ಎಂದು ಜಗಳಾಡಿದರು.

ದಿನಕರ್ಮ ಮುಗಿದ ಮೇಲೆ ಡಾಕ್ಟರ ಚೀಟಿ ಹಿಡಿದು ಅಥಣಿಗೆ ಹೋದೆ. ಕನ್ನಡ ಪೇಪರಿನ ವರದಿಗಾರ ಝೆರಾಕ್ಸ್ ಅಂಗಡಿ ಇಟ್ಟಿದ್ದ. ಚೀಟಿ ನೋಡಿ, ಅಭ್ಯಾಸಬಲದಿಂದ ಒಂದು ಝೆರಾಕ್ಸ್ ತೆಗೆದ.

“ಅಕ್ಕಾರ, ಗೌರವದ ಸಾವು ಕೊಟ್ಟೀವಲ್ರಿ.”

“ಖರೇದು ಕೊಡ್ರಿ ಸಾಕು. ಎಂಟ ದಿನ ಎದಿ ನೋವಿತ್ತು, ಅದಕ್ಕ ಸತ್ತಾರಂತ ಬರೀರಿ.”

“ಎದಿ ನೋವಿಗೆ ದಿನಾ ಸಾಯ್ತಾರ್ರಿ. ಅದು ಸುದ್ದಿ ಅಲ್ರಿ.”

“ಹಂಗಾರ ನೀವು ಬರದದ್ದು?”

ಅವನು ಮಷೀನಿನ ಮುಚ್ಚಳ ಹಾಕಿ, “ಜಾಗಾ ಇದ್ರ ನೋಡ್ತೀನ್ರಿ,” ಎಂದ.

ಮರಾಠಿ ಪೇಪರಿನವನಿಗೆ ಫೋನ್ ಮಾಡಿದೆ. ತಾಯಿಭಾಷೆಯಲ್ಲಿ ಕೇಳಿದರೆ ಕರಗಬಹುದು ಎಂಬ ಆಸೆ. ಬಹಳ ಮರ್ಯಾದೆಯಿಂದ, “ಉದ್ಯಾ ಛಾಪತೋ, ವಹಿನಿ,” ಎಂದ. ನಾಳೆ ಹಾಕುತ್ತೇನೆ ಅತ್ತಿಗೆ, ಎಂದು. ಆ ನಾಳೆಯನ್ನು ನಾನು ದಿನವೂ ಹಣ ಕೊಟ್ಟು ಕೊಂಡು ನೋಡಿದೆ.

ಅಷ್ಟರಲ್ಲಿ ಎರಡೂ ಪಕ್ಷದವರು ಬಸ್‌ಸ್ಟ್ಯಾಂಡಿನಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿದರು. ಫೋಟೊ ಒಂದೇ, ನನ್ನ ತಮ್ಮನ ಮದುವೆಯದು. ಪಕ್ಕದಲ್ಲಿದ್ದ ನನ್ನನ್ನು ಕತ್ತರಿಸಿದ್ದರು, ಮೊಣಕೈ ಮಾತ್ರ ಉಳಿದಿತ್ತು. ಹೀಗೆ ನಾನೂ ಎರಡೂ ಪಕ್ಷಗಳಲ್ಲಿ ಸ್ವಲ್ಪ ಸ್ವಲ್ಪ ಇದ್ದೆ.

ತಿಂಗಳ ಮೇಲೆ ಟಿವಿಯಲ್ಲಿ ಕೋಟು ಹಾಕಿದವರು ಮತಯಂತ್ರದ ಬಗ್ಗೆ ಕಿರುಚಾಡುತ್ತಿದ್ದರು. ಜನರಿಗೆ ಚುನಾವಣೆಯ ಮೇಲೆ ನಂಬಿಕೆ ಇದೆಯೇ ಎನ್ನುವುದು ಚರ್ಚೆ. “ಗಡಿಭಾಗದ ಒಬ್ಬ ಬಡ ದರ್ಜಿ ಈ ಮೋಸಕ್ಕೆ ಎದೆ ಒಡೆದು ಸತ್ತಿದ್ದಾನೆ!” ಎಂದ ಒಬ್ಬ. “ಅವನು ಸತ್ತಿದ್ದು ಸಂತೋಷಕ್ಕೆ!” ಎಂದ ಇನ್ನೊಬ್ಬ. ಹೆಂಡತಿಯನ್ನು ಕೇಳೋಣ ಎಂದು ಇಬ್ಬರಿಗೂ ಹೊಳೆಯಲಿಲ್ಲ. ನಾನು ಟಿವಿ ಆರಿಸಿ, ಒಣಹಾಕಿದ ಬಟ್ಟೆ ತರಲು ಹೋದೆ.

ಒಂದೊಂದು ಸಲ ಅವರ ಮೇಲೂ ಸಿಟ್ಟು ಬರುತ್ತದೆ. ಒಂದು ದಿನ ಪೇಪರು ಓದದೆ ಬಸ್ಸು ಹತ್ತಿದ್ದರೆ ಯಾರ ಸರಕಾರ ಬೀಳುತ್ತಿತ್ತು?

ಕಾಕಾ ಮತ್ತು ಮಾಮಾ ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಈಗಲೂ ಕೂರುತ್ತಾರೆ. ಓದಿ ಹೇಳುವವರು ಇಲ್ಲದ್ದರಿಂದ ಒಬ್ಬೊಬ್ಬರು ತಮ್ಮ ಪೇಪರು ತಾವೇ ಓದಿಕೊಂಡು ತಮ್ಮದೇ ಖರೆ ಎನ್ನುತ್ತಾರೆ. ನಾನು ಎರಡನ್ನೂ ತರಿಸುತ್ತೇನೆ. ನೀಲಿ ಸೀಮೆಸುಣ್ಣ ಉಗುರಿನಷ್ಟು ಉಳಿದಿದೆ. ಎಂಟು ದಿನದ ಎದೆನೋವಿನಿಂದ ಅವರು ಸತ್ತರು ಎಂಬ ಸಾಲು ಎರಡರಲ್ಲೂ ಇನ್ನೂ ಬಂದಿಲ್ಲ.