ಮೂಲೆಯ ಅಕ್ಷರ

ಗ್ಲೆನಿಸ್ ಪಾಸ್ಕೋ ಸುಮ್ಮನೆ ಕೂರುವ ಹೆಂಗಸೇ ಅಲ್ಲ. ಮೂಂಟಾ ಊರಿನ ಶಾಲೆಯ ಕ್ಯಾಂಟೀನಿನಲ್ಲಿ ಅವಳ ಕೈಯಡುಗೆ ತಿನ್ನದೆ, ಜೊತೆಗೆ ಬೈಗುಳವನ್ನೂ ತಿನ್ನದೆ ಬೆಳೆದವರು ಸಿಗುವುದು ಕಷ್ಟ. ಅಂಥವಳಿಗೆ ಗಂಡ ಡೆಸ್ ತೀರಿಕೊಂಡ ಮೇಲೆ ಒಲೆ ಹಚ್ಚುವುದೂ ಬೆಟ್ಟ ಹತ್ತಿದಂತಾಯಿತು. ಮಧ್ಯಾಹ್ನವಾದರೂ ಕಿಟಕಿಯ ಪರದೆ ಸರಿಯುತ್ತಿರಲಿಲ್ಲ. ಬಾಗಿಲಿಗೆ ಬಂದವರಿಗೆ, "ನಂಗೇನಾಗಿದೆ? ಗುಂಡುಕಲ್ಲು ಇದ್ದಂಗಿದೀನಿ" ಎಂದು ಹೇಳಿ ಸಾಗಹಾಕುವಳು. ಆ ಊರಿನ ಜನ ಕಾಲು ಮುರಿದುಕೊಂಡು ಬಿದ್ದಿದ್ದರೂ ಅನ್ನುವುದು ಇದನ್ನೇ.

ಡಾಕ್ಟರು ನಂಬಲಿಲ್ಲ. ಚರ್ಚಿನ ಹಿಂದಿನ ಹಾಲಿಗೆ ಬುಧವಾರ ಹೋಗು ಎಂದರು. ಖಿನ್ನತೆಯಿಂದ ನರಳುವವರನ್ನು ಗುಂಪಾಗಿ ಕೂರಿಸಿ ಒಂದು ಚಿಕಿತ್ಸೆಯನ್ನು ಅಲ್ಲಿ ಪರೀಕ್ಷಿಸುತ್ತಿದ್ದರು. ಮನಸ್ಸು ಬರಲಿ ಎಂದು ಕಾಯಬೇಡ, ಮೊದಲು ನಿನ್ನದೇ ಒಂದು ಸಣ್ಣ ಕೆಲಸ ಮಾಡು, ಮನಸ್ಸು ಆಮೇಲೆ ಬಂದರೂ ಬಂದೀತು. ಚಿಕಿತ್ಸೆ ಅಂದರೆ ಇಷ್ಟೇ. ಗ್ಲೆನಿಸ್ ಕಿವಿಗೆ ಬಿದ್ದದ್ದು ಮಾತ್ರ 'ಪರೀಕ್ಷೆ' ಎಂಬ ಮಾತು.

"ನಾನು ಫೇಲಾದ್ರೆ?" ಎಂದು ಗುಂಪು ನಡೆಸುವ ನರ್ಸ್ ಕೆರಿನ್‌ಳನ್ನು ಕೇಳಿದಳು.

"ಪರೀಕ್ಷೆ ನಿಮಗಲ್ಲ ಗ್ಲೆನಿಸ್, ಚಿಕಿತ್ಸೆಗೆ. ಇದ್ರಿಂದ ಗುಣ ಆಗುತ್ತೋ ಇಲ್ವೋ ಇನ್ನೂ ನಮಗೂ ಗೊತ್ತಿಲ್ಲ."

"ಗೊತ್ತಿಲ್ದೇ ಇರೋದನ್ನ ನನ್ನ ಮೇಲೆ ಮಾಡ್ತೀಯಾ? ಭೇಷ್!"

ಬಂದವರೆಲ್ಲ ತಾವು ಮಾಡುವ ಕೆಲಸ ಹೇಳಿದರು. ಒಬ್ಬರು ಗಿಡಕ್ಕೆ ನೀರು, ಇನ್ನೊಬ್ಬರು ತಂಗಿಗೊಂದು ಫೋನು. ಗ್ಲೆನಿಸ್‌ಗೆ ಏನೂ ತೋಚಲಿಲ್ಲ. ಚೀಲ ಎತ್ತಿಕೊಂಡು, "ಮುಂದಿನ ವಾರ ನನಗೆ ಕಾಯ್ಬೇಡ ಕಣಮ್ಮ" ಎಂದು ಎದ್ದಳು. ಆಗ ಹೋಗಿಬಿಟ್ಟಿದ್ದರೆ ಆ ಪರದೆ ಮತ್ತೆ ಸರಿಯುತ್ತಿರಲಿಲ್ಲ. ತಡೆದದ್ದು ನೆವಿಲ್. ಒಂದು ಕಾಲದಲ್ಲಿ ಊರಿನ ಕ್ಷೌರದಂಗಡಿ ಇಟ್ಟಿದ್ದವನು, ಈಗ ತಾನೂ ಅದೇ ಕತ್ತಲೆಯಲ್ಲಿದ್ದವನು. ಮೂಲೆಯಲ್ಲಿ ಕೂತು ಬೇಕರಿಯ ಪ್ಯಾಸ್ಟಿ ತಿನ್ನುತ್ತಿದ್ದ.

"ಇದ್ರಲ್ಲಿ ಕ್ಯಾರೆಟ್ ಹಾಕಿದಾರೆ. ಚೆನ್ನಾಗೇ ಇದೆ" ಎಂದ.

ಗ್ಲೆನಿಸ್ ತಿರುಗಿದಳು. "ಕ್ಯಾರೆಟ್ಟಾ? ಪ್ಯಾಸ್ಟಿಗಾ? ನೆವಿಲ್, ನಿನ್ನ ತಾಯಿ ಕೇಳಿದ್ರೆ ಗೋರಿಯಿಂದ ಎದ್ದು ಬರ್ತಾಳೆ! ಟರ್ನಿಪ್ ಕಣೋ, ಟರ್ನಿಪ್!"

ತಿಂಗಳುಗಟ್ಟಲೆ ಆದ ಮೇಲೆ ಅವಳಿಗೆ ಬಂದ ಮೊದಲ ಕೋಪ. ಕೆರಿನ್ ಅದನ್ನು ಬಿಡಲಿಲ್ಲ. "ಹಾಗಾದ್ರೆ ಮಾಡ್ಕೊಂಡು ಬಂದು ತೋರ್ಸಿ. ಈ ವಾರದ ನಿಮ್ಮ ಕೆಲಸ ಅದೇ."

ಪ್ಯಾಸ್ಟಿ ಅಂದರೆ ನಮ್ಮ ಕರ್ಜಿಕಾಯಿಯ ದೊಡ್ಡಣ್ಣ. ಒಳಗೆ ಮಾಂಸ, ಆಲೂಗಡ್ಡೆ, ಈರುಳ್ಳಿ, ಟರ್ನಿಪ್ ಎಂಬ ಗಡ್ಡೆ. ಮೂಂಟಾದವರ ಅಜ್ಜಂದಿರು ತಾಮ್ರದ ಗಣಿಗೆ ಇಳಿಯುವಾಗ ಇದೇ ಬುತ್ತಿ. ಒಂದು ಮೂಲೆಯಲ್ಲಿ ತಿನ್ನುವವನ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರವನ್ನು ಹಿಟ್ಟಿನಲ್ಲೇ ಬರೆದಿರುತ್ತಿದ್ದರು. ಇನ್ನೊಂದು ತುದಿಯಿಂದ ತಿನ್ನುತ್ತ ಬಂದರೆ ಅರ್ಧ ಉಳಿದರೂ ಯಾರದೆಂದು ತಿಳಿಯುತ್ತದೆ. ಗಣಿ ಮುಚ್ಚಿದರೂ ಅಡುಗೆಮನೆಗಳಲ್ಲಿ ಅಕ್ಷರ ಉಳಿಯಿತು.

ಗ್ಲೆನಿಸ್ ಹಿಟ್ಟು ಕಲಸಿಟ್ಟು ಹೋಗಿ ಮಲಗಿಬಿಟ್ಟಳು. ಒಣಗಿ ಹಾಳಾಗುತ್ತದಲ್ಲ ಎಂಬ ಸಿಟ್ಟಿಗೆ ಮತ್ತೆ ಎದ್ದಳು. ಗುಂಪಿನ ಒಬ್ಬೊಬ್ಬರಿಗೂ ಒಂದೊಂದು ತುಂಬಿದಳು, ಅಂಚು ಹೆಣೆದಳು, ಅಕ್ಷರ ಬರೆದಳು.

ಬುಧವಾರ ಬಂದಳು. ಎಲ್ಲರೂ ತಮ್ಮ ತಮ್ಮ ಅಕ್ಷರ ಹುಡುಕಿ ಎತ್ತಿಕೊಂಡರು. ತಟ್ಟೆಯಲ್ಲಿ ಒಂದು ಉಳಿಯಿತು. ಅದರ ಮೇಲೆ 'ಡಿ'.

"ಡಿ ಯಾರಪ್ಪಾ ಇಲ್ಲಿ?" ಎಂದು ನೆವಿಲ್ ಸುತ್ತ ನೋಡಿದ.

ಗ್ಲೆನಿಸ್ ತಟ್ಟೆಯ ಮೇಲೆ ಬಗ್ಗಿ ನೋಡಿದಳು. "ಅಯ್ಯೋ, ಡೆಸ್‌ಗೆ ಮಾಡ್ಬಿಟ್ಟಿದೀನಿ. ಕೈ ತಾನೇ ಬರೀತು."

"ಮತ್ತೆ ನಿಮ್ದು?" ಎಂದಳು ಕೆರಿನ್.

"ನಂದಾ? ನಂಗೆ ಅಂತ ಯಾವತ್ತೂ ಮಾಡ್ಕೊಂಡಿಲ್ಲ. ಒಡೆದಿದ್ದು ಸೀದಿದ್ದು ಯಾವ್ದಾದ್ರೂ ಇರೋದು." ಇಷ್ಟು ಹೇಳುವಷ್ಟರಲ್ಲಿ ಅಳು ಬಂತು. ಡೆಸ್‌ನನ್ನು ಮಣ್ಣು ಮಾಡಿದ ದಿನವೂ ಬಾರದಿದ್ದ ಅಳು. ಯಾರೂ ಸಮಾಧಾನ ಹೇಳಲಿಲ್ಲ. ಅಲ್ಲಿದ್ದವರಿಗೆಲ್ಲ ಅಳುವಿನ ಬೆಲೆ ಗೊತ್ತಿತ್ತು.

ನೆವಿಲ್ ತಟ್ಟೆಯನ್ನು ಅವಳತ್ತ ಸರಿಸಿದ. "ಆರೋಗುತ್ತೆ, ತಿನ್ನು ಮಾರಾಯ್ತಿ. ಡೆಸ್ ಬೇಡ ಅನ್ನಲ್ಲ."

ಅವಳು ಇನ್ನೊಂದು ತುದಿಯಿಂದಲೇ ತಿಂದಳು. ಅಕ್ಷರದ ಮೂಲೆ ಉಳಿದಾಗ ಅದನ್ನು ಕಾಗದದಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡಳು. ಮುಂದಿನ ವಾರದ ಕೆಲಸ ಏನೆಂದು ಕೆರಿನ್ ಹೇಳಲಿಲ್ಲ, ಇವಳೂ ಕೇಳಲಿಲ್ಲ.

ಚಿಕಿತ್ಸೆ ಪಾಸೋ ಫೇಲೋ ತಿಳಿಯಲು ಇನ್ನೂ ಬಹಳ ಕಾಲ ಬೇಕಿತ್ತು. ಮುಂದಿನ ಬುಧವಾರ ಮಾತ್ರ ಗ್ಲೆನಿಸ್ ಎಲ್ಲರಿಗಿಂತ ಮೊದಲೇ ಬಂದು ತಟ್ಟೆ ಹರವಿದ್ದಳು. ನೆವಿಲ್ ತನ್ನದನ್ನು ಎತ್ತಿಕೊಂಡು, ಪಕ್ಕದ್ದನ್ನು ಬಗ್ಗಿ ನೋಡಿದ.

"ಇದೇನಿದು ಸೊಟ್ಟಂಬಟ್ಟ? 'ಸಿ'ನಾ? ಸಿ ಯಾರೂ ಇಲ್ವಲ್ಲ."

"ಕನ್ನಡಕ ಹಾಕ್ಕೊಳೋ ಕುರುಡ. ಅದು 'ಜಿ'" ಎಂದಳು ಗ್ಲೆನಿಸ್. "ಬರೆದು ಅಭ್ಯಾಸ ಇಲ್ಲ ನಂಗೆ."