ಒರೆಸದ ಗಾಜು

ಹಬೆಯಕ್ಕನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಗ್ಯಾರೇಜುಗಳ ಸಾಲಿನಲ್ಲಿ ಆ ಹೆಸರು ಹೇಳಿ ವಿಚಾರಿಸಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಲಾಂಡ್ರಿಯೊಂದರಲ್ಲಿ ಹಬೆ ಇಸ್ತ್ರಿ ಹಿಡಿದು ನಿಂತವಳು ಅವಳು. ಯಾವ ಬಟ್ಟೆ ಎಷ್ಟು ಬಿಸಿ ತಡೆಯುತ್ತದೆ ಎಂಬುದನ್ನು ಮುಟ್ಟಿ ನೋಡಿಯೇ ಹೇಳುತ್ತಿದ್ದಳು. ಲಾಂಡ್ರಿ ಮುಚ್ಚಿದ ಮೇಲೆ ಒಂದು ತಿಂಗಳು ಮನೆಯಲ್ಲಿ ಸುಮ್ಮನೆ ಕೂತಳು. ಎರಡನೆಯ ತಿಂಗಳು ಒಡಹುಟ್ಟಿದ ಅಕ್ಕನ ಮನೆಗೆ ಹೋಗಿ ಅವಳ ತಲೆ ತಿನ್ನತೊಡಗಿದಳು.

"ಇವಳನ್ನ ನಿಮ್ಮ ಜೊತೆ ಕರ್ಕೊಂಡು ಹೋಗಿ," ಎಂದು ಅಕ್ಕ ಗಂಡನಿಗೆ ಹೇಳಿದಳು. "ಇಲ್ಲಾಂದ್ರೆ ಒಂದಿನ ನನ್ನನ್ನೇ ಇಸ್ತ್ರಿ ಮಾಡಿ ಮಡಚಿಡ್ತಾಳೆ."

ಭಾವನದು ಕಾರಿನ ಗಾಜು ಕೂರಿಸುವ ಶೆಡ್ಡು. ಅಲ್ಲಿ ಎಲ್ಲರಿಗೂ ಬೇಡವಾದ ಕೆಲಸವೆಂದರೆ ಕಿಟಕಿಗೆ ಅಂಟಿಸಿದ ಹಳೆಯ ಕಪ್ಪು ಫಿಲ್ಮು ಕೀಳುವುದು. ವರ್ಷಗಟ್ಟಲೆ ಬಿಸಿಲು ತಿಂದ ಫಿಲ್ಮು ನೇರಳೆ ಬಣ್ಣಕ್ಕೆ ತಿರುಗಿ, ಬೊಬ್ಬೆ ಎದ್ದು, ಎಳೆದರೆ ಉಗುರಿನಷ್ಟುದ್ದ ಹರಿದು ಬರುತ್ತದೆ. ಅಂಟು ಗಾಜಿನಲ್ಲೇ ಉಳಿಯುತ್ತದೆ. ಭಾವ ಬ್ಲೇಡು ಹಿಡಿದು ಅರ್ಧ ದಿನ ಗೊಣಗುವುದನ್ನು ಅವಳು ಮೂರು ದಿನ ನೋಡಿದಳು. ನಾಲ್ಕನೆಯ ದಿನ ಮನೆಯಿಂದ ಬಟ್ಟೆಗೆ ಹಬೆ ಹಿಡಿಯುವ ಮಷೀನು ತಂದು ಗಾಜಿಗೆ ಹಿಡಿದಳು. ಅಂಟು ಮೆತ್ತಗಾಯಿತು. ಒಳಗಿನಿಂದ ಒಂದು ಮೂಲೆ ಎತ್ತಿ ಅವಸರವಿಲ್ಲದೆ ಎಳೆದರೆ, ಬಿಸಿ ಹಾಲಿನ ಕೆನೆಯಂತೆ ಇಡೀ ಫಿಲ್ಮು ಒಂದೇ ಹಾಳೆಯಾಗಿ ಬಂತು. ಅಂದಿನಿಂದ ಅವಳು ಆ ಸಾಲಿಗೆಲ್ಲ ಹಬೆಯಕ್ಕ. ಎದುರಿಗೆ ಕರೆಯುವಾಗ ಬರೀ ಅಕ್ಕ.

ಫಿಲ್ಮಿನ ಹಿಂದೆ ಏನೇನೋ ಸಿಗುತ್ತಿತ್ತು. ಕೂದಲೆಳೆ, ಸತ್ತ ಸೊಳ್ಳೆ, ಅಂಟಿಸಿದವನ ಹೆಬ್ಬೆರಳ ಗುರುತು. ಅವಳು ಅದನ್ನೆಲ್ಲ ಸೋಪಿನ ನೀರಿನಿಂದ ಒರೆಸಿ ಮರೆಯುತ್ತಿದ್ದಳು. ಹೆದರುವ ಪೈಕಿ ಅಲ್ಲ. ಗಂಡ ತೀರಿಕೊಂಡ ಮೇಲೆ ಹನ್ನೊಂದು ವರ್ಷ ಒಂಟಿಯಾಗಿ ಬದುಕಿದವಳು, ಮನೆಯಲ್ಲಿ ಏನಾದರೂ ಸದ್ದಾದರೆ "ಯಾರದು, ಇದ್ರೆ ಪಾತ್ರೆ ತೊಳೆದು ಹೋಗಿ" ಎನ್ನುವಷ್ಟು ಗಟ್ಟಿ.

ಒಂದು ಮೋಡ ಮುಚ್ಚಿದ ಬೆಳಿಗ್ಗೆ ಔಷಧಿ ಅಂಗಡಿಯವರೊಬ್ಬರು ಬೂದು ಬಣ್ಣದ ಹಳೆಯ ಕಾರು ತಂದು ನಿಲ್ಲಿಸಿದರು. ಕೊಂಡು ಆರು ವಾರವಾಗಿತ್ತಂತೆ. ಫಿಲ್ಮು ಅಲ್ಲಲ್ಲಿ ಎದ್ದು, ಪಕ್ಕದ ಕನ್ನಡಿಯೂ ಸರಿಯಾಗಿ ಕಾಣುತ್ತಿರಲಿಲ್ಲ.

"ಎಲ್ಲಾ ತೆಗೆದುಬಿಡಿ ಅಕ್ಕ. ಸಾಯಂಕಾಲ ಬರ್ತೀನಿ," ಎಂದು ಹೇಳಿ ಹೋದರು.

ಮೂರು ಗಾಜು ಊಟದ ಹೊತ್ತಿಗೆ ಮುಗಿದವು. ನಾಲ್ಕನೆಯದು ಎಡಗಡೆಯ ಹಿಂದಿನ ಬಾಗಿಲಿನದು. ಹಬೆಯಕ್ಕ ಹೊರಗೆ ನಿಂತು ಮಷೀನು ಹಿಡಿಯುವ ಮೊದಲೇ ಗಾಜಿನ ಒಳಗಡೆ, ಕೆಳಭಾಗದಲ್ಲಿ, ಅಂಗೈಯಗಲ ಮಂಜು ಕಟ್ಟಿದ್ದು ಕಂಡಿತು. ನೋಡುತ್ತಿದ್ದಂತೆ ಅದು ಚಿಕ್ಕದಾಯಿತು. ಮತ್ತೆ ದೊಡ್ಡದಾಯಿತು. ಮತ್ತೆ ಚಿಕ್ಕದು. ತಣ್ಣನೆಯ ಗಾಜಿಗೆ ಯಾರೋ ಬಾಯಿ ಹತ್ತಿರ ತಂದು ಉಸಿರಾಡಿದಂತೆ.

ಅವಳು ಬಾಗಿಲು ತೆಗೆದಳು. ಸೀಟು ಖಾಲಿ. ಕೆಳಗೆ ಬಗ್ಗಿ ನೋಡಿದಳು, ಸೀಟಿನ ಮೇಲೆ ಕೈ ಇಟ್ಟಳು. ತಣ್ಣಗಿತ್ತು. ಗಾಜು ಮುಟ್ಟಿದಳು. ಆ ಜಾಗ ಮಾತ್ರ ಉಗುರುಬೆಚ್ಚಗಿತ್ತು.

"ಭಾವ, ಸ್ವಲ್ಪ ಬನ್ನಿ ಇಲ್ಲಿ."

ಭಾವ ಬಂದರು, ನೋಡಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ನಿನ್ನ ಹಬೆನೇ ಎಲ್ಲೋ ಒಳಗೆ ನುಗ್ಗಿರಬೇಕು," ಎಂದರು.

"ಮಷೀನು ಇನ್ನೂ ಶುರುನೇ ಮಾಡಿಲ್ಲ ಭಾವ."

ಅವಳು ಕೆಲಸ ನಿಲ್ಲಿಸುವವಳಲ್ಲ. ಒಂದು ನಿಮಿಷ ಹೊರಗಿನಿಂದ ಹಬೆ ಹಿಡಿದಳು. ಫಿಲ್ಮಿನ ಅಡಿಯಲ್ಲಿ ಗೆರೆಗಳು ಮೂಡಿದವು. ಕೈಯ ಮೇಲಿನ ನರಗಳಂತೆ ಉಬ್ಬಿದ, ಡೊಂಕು ಡೊಂಕಾದ ಗೆರೆಗಳು. ಹೊರಗಿನಿಂದ ತಲೆಬುಡ ತಿಳಿಯಲಿಲ್ಲ. ಅವಳು ಒಳಗೆ ಹೋಗಿ ಸೀಟಿನಲ್ಲಿ ಕೂತು, ಮಗುವಿನ ಎತ್ತರಕ್ಕೆ ತಲೆ ತಗ್ಗಿಸಿ ನೋಡಿದಳು. ಬೆರಳಿನಿಂದ ಬರೆದ ದೊಡ್ಡ ಅಕ್ಷರಗಳು:

ಅಕ್ಕ ಬಾ.

ಹಬೆಯಕ್ಕ ಮತ್ತೊಮ್ಮೆ ಓದಿದಳು. ದಿನಕ್ಕೆ ಇಪ್ಪತ್ತು ಸಲ ಕೇಳುವ ಕರೆ ಅದು. ಆದರೆ ಯಾರೂ ಗಾಜಿನ ಒಳಗಿನಿಂದ ಕರೆದಿರಲಿಲ್ಲ. ಅವಳ ಕೆನ್ನೆಯ ಪಕ್ಕದಲ್ಲೇ ಮಂಜು ಮತ್ತೆ ಅರಳಿತು. ಅವಳು ಕಾರಿನಿಂದ ಇಳಿದ ರಭಸಕ್ಕೆ ಸೋಪಿನ ನೀರಿನ ಬಕೆಟ್ಟು ಉರುಳಿ ಭಾವನ ಚಪ್ಪಲಿ ತೇಲಿತು.

ಭಾವ ಚಪ್ಪಲಿಯ ಕಡೆ ನೋಡಲಿಲ್ಲ. ಅವಳ ಹಿಂದೆಯೇ ಒಳಗೆ ಬಗ್ಗಿ, ಅಕ್ಷರಗಳನ್ನು ಓದಿ, ಮೆಲ್ಲಗೆ ಹೇಳಿದರು: "ಈ ಫಿಲ್ಮು ನಾನೇ ಅಂಟಿಸಿದ್ದು."

ಹದಿನಾಲ್ಕು ವರ್ಷದ ಹಿಂದಿನ ಮಾತು. ಗಡಿಯಾರ ರಿಪೇರಿ ಮಾಡುವವರೊಬ್ಬರು ಈ ಕಾರು ತಂದಿದ್ದರಂತೆ. ಮೂರು ಗಾಜು ಒರೆಸಲು ಬಿಟ್ಟು, ನಾಲ್ಕನೆಯದರ ಮುಂದೆ ಕೈ ಅಡ್ಡ ಹಿಡಿದು ನಿಂತರಂತೆ. "ಮುಲಾಮಿನ ಜಿಡ್ಡು ಇದೆ, ಫಿಲ್ಮು ಸರಿಯಾಗಿ ಕೂರಲ್ಲ ಅಂದೆ. ಕೂರದಿದ್ರೂ ಪರವಾಗಿಲ್ಲ, ಅಳಿಸಿಹೋಗಬಾರದು ಅಷ್ಟೆ ಅಂದ್ರು. ಚಿಕ್ಕ ಮಗಳು, ಏಳು ವರ್ಷ. ಆಸ್ಪತ್ರೆಗೆ ಕರ್ಕೊಂಡು ಹೋಗೋವಾಗ ಮುಲಾಮು ಮೆತ್ತಿದ ಬೆರಳಲ್ಲಿ ಬರೆದಿದ್ದಂತೆ. ಮಗು ವಾಪಸ್ ಬರಲಿಲ್ಲ."

"ಅವರು ಈಗೆಲ್ಲಿದಾರೆ?"

"ಹೋದ ವರ್ಷ ಹೋಗಿಬಿಟ್ರು. ದೊಡ್ಡ ಮಗಳು ಇದಾಳೆ. ರಕ್ತ ಪರೀಕ್ಷೆ ಮಾಡೋ ಲ್ಯಾಬಲ್ಲಿ ಕೆಲಸ. ಕಾರು ಮಾರಿದ್ದು ಅವಳೇ ಇರಬೇಕು. ಪಾಪ, ಇದು ಅವಳಿಗೆ ಗೊತ್ತಿದೆಯೋ ಇಲ್ಲವೋ."

ಹಬೆಯಕ್ಕ ಮಷೀನಿನ ಸ್ವಿಚ್ಚು ಆರಿಸಿದಳು. "ಇದನ್ನ ನಾನು ಕೀಳಲ್ಲ. ಗಾಜನ್ನೇ ಬಿಚ್ಚಿ ಕೊಡಿ."

ಸಾಯಂಕಾಲ ಔಷಧಿ ಅಂಗಡಿಯವರು ಬಂದಾಗ ಭಾವ ಗುಜರಿ ಕಾರಿನದೊಂದು ಗಾಜು ಹೊಂದಿಸಿ ಇಟ್ಟಿದ್ದರು. ಆ ಮನುಷ್ಯ ರೇಗಬಹುದೆಂದು ಇಬ್ಬರೂ ಮಾತು ಜೋಡಿಸಿಕೊಂಡಿದ್ದರು. ಅವರು ರೇಗಲಿಲ್ಲ. ಹಳೆಯ ಗಾಜನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು.

"ಸುಡೋ ಬಿಸಿಲಲ್ಲೂ ಅದೊಂದೇ ಗಾಜು ಮಂಜು ಕಟ್ತಿತ್ತು," ಎಂದರು. "ರಬ್ಬರು ಹೋಗಿದೆ ಅಂತ ನನಗೆ ನಾನೇ ಹೇಳ್ಕೊಂಡಿದ್ದೆ. ತಗೊಂಡು ಹೋಗಿ ಅಕ್ಕ."

ಮರುದಿನ ಭಾನುವಾರ. ಗಾಜನ್ನು ಹಳೆಯ ಹೊದಿಕೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು, ಕಾರು ಮಾರಿದವಳ ವಿಳಾಸವನ್ನು ಔಷಧಿ ಅಂಗಡಿಯವರಿಂದ ಬರೆಸಿಕೊಂಡಿದ್ದ ಹಬೆಯಕ್ಕ ಒಬ್ಬಳೇ ಅವಳ ಮನೆಗೆ ಹೊರಟಳು. ನಾಲ್ಕು ಸ್ಟಾಪು ದಾಟುವಷ್ಟರಲ್ಲಿ ಹೊದಿಕೆಯ ಒಂದು ಕಡೆ ತೇವವಾಯಿತು. ಅವಳು ಅಲ್ಲಿಂದ ಕೈ ತೆಗೆಯಲಿಲ್ಲ. ಯಾಕೆಂದು ಅವಳಿಗೇ ತಿಳಿಯದು. ನಿದ್ದೆಗಣ್ಣಿನ ಮಗುವನ್ನು ಹಿಡಿದಂತೆ ಹಿಡಿದುಕೊಂಡಳು. ಪಕ್ಕದ ಸೀಟಿನವರು ಏನದು ಎಂದು ಕೇಳಿದ್ದಕ್ಕೆ "ಕಿಟಕಿ" ಎಂದಳು.

ಎರಡನೆಯ ಮಹಡಿಯ ಚಿಕ್ಕ ಮನೆ. ಬಾಗಿಲು ತೆರೆದವಳಿಗೆ ಇಪ್ಪತ್ತಾರು ಇರಬಹುದು. ಹಬೆಯಕ್ಕ ತಾನು ಯಾರು, ಕಾರು ಎಲ್ಲಿ ಸಿಕ್ಕಿತು ಎಂದಷ್ಟೇ ಹೇಳಿ, ಊಟದ ಮೇಜಿನ ಮೇಲೆ ಹೊದಿಕೆ ಬಿಚ್ಚಿದಳು. ಮಂಜಿನ ವಿಷಯ ಬಾಯಿ ಬಿಡಲಿಲ್ಲ.

ಹುಡುಗಿ ಅಕ್ಷರಗಳನ್ನು ಓದಿದಳು. ಆಮೇಲೆ ಕುರ್ಚಿ ಎಳೆದು ಕೂತಳು.

"ಅವತ್ತು ತಂಗಿ ನನ್ನ ಪೆನ್ಸಿಲ್ ಡಬ್ಬಿ ಮುರಿದುಹಾಕಿದ್ಲು," ಎಂದಳು. "ನಾನು ಬೇಜಾರು ಮಾಡ್ಕೊಂಡು ರೂಮಲ್ಲಿ ಕೂತಿದ್ದೆ. ಅಪ್ಪ ಎರಡು ಸಲ ಹಾರ್ನ್ ಹೊಡೆದ್ರು. ನಾನು ಕಿಟಕಿ ಹತ್ರಾನೂ ಹೋಗಲಿಲ್ಲ. ಆ ಸೀಟಲ್ಲಿ ಕೂರೋಕೆ ಅಪ್ಪ ಯಾರನ್ನೂ ಬಿಡ್ತಿರಲಿಲ್ಲ. ಯಾಕೆ ಅಂತ ಒಂದು ದಿನಾನೂ ಹೇಳಲಿಲ್ಲ."

ಅವಳು ಗಾಜನ್ನು ಎತ್ತಿ ನೆಟ್ಟಗೆ ಹಿಡಿದಳು. ಅಕ್ಷರಗಳ ಕೆಳಗೆ ಮಂಜು ಮೂಡಿತು. ಈ ಸಲ ಬೇಗ ಬೇಗ, ಓಡಿಬಂದವರ ಏದುಸಿರಿನಂತೆ. ಹಬೆಯಕ್ಕ ಮೇಜಿನ ಅಂಚು ಹಿಡಿದುಕೊಂಡಳು. ಹುಡುಗಿ ಕಿರುಚಲಿಲ್ಲ. ಮುಖವನ್ನು ಗಾಜಿನ ಹತ್ತಿರ, ಮೂಗು ತಾಗುವಷ್ಟು ಹತ್ತಿರ ತಂದಳು.

"ಬಂದೆ ಕಣೇ," ಎಂದಳು.

ಮಂಜು ನಿಂತಿತು. ಅಳಿಯಲಿಲ್ಲ, ದೊಡ್ಡದೂ ಆಗಲಿಲ್ಲ. ಯಾರೋ ಉಸಿರು ಬಿಗಿಹಿಡಿದು ಕೇಳುತ್ತಿರುವ ಹಾಗೆ ಅಷ್ಟಕ್ಕೇ ನಿಂತಿತು. ಹಬೆಯಕ್ಕ ಹೊದಿಕೆಯನ್ನು ಅಲ್ಲೇ ಬಿಟ್ಟು, ಬಾಗಿಲು ಮೆಲ್ಲಗೆ ಮುಂದಕ್ಕೆಳೆದುಕೊಂಡು ಇಳಿದು ಬಂದಳು.

ಮೂರು ವಾರ ತಡೆದು ಒಂದು ದಿನ ಹಬೆಯಕ್ಕ ಹುಡುಗಿಗೆ ಫೋನು ಮಾಡಿದಳು. ಗಾಜಿಗೆ ಮರದ ಚೌಕಟ್ಟು ಹಾಕಿಸಿ ಹಾಸಿಗೆಯ ಪಕ್ಕದ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ ಎಂದಳು ಹುಡುಗಿ. ಹಬೆಯಕ್ಕ ಅದೂ ಇದೂ ಮಾತಾಡಿ ಕೊನೆಗೆ ಕೇಳಿದಳು: "ಅದು... ಈಗಲೂ ಬರುತ್ತಾ?"

"ಬರುತ್ತೆ ಅಕ್ಕ. ದಿನಾ ಬೆಳಿಗ್ಗೆ ಒಂದೇ ಸಲ. ನಾನು ಎದ್ನಾ ಅಂತ ನೋಡೋಕೆ."